ಸಹಿಯ ಬೆನ್ನು ಮುಟ್ಟಿ ನೋಡುವ ಕೆಲಸ

ರಾಕ್ ಬ್ಯಾಂಡಿನವರು ಸಹಿ ಹಾಕಿದ ಬಾಡಿಗೆ ಕರಾರು, ಗಂಡ ಹೆಂಡತಿ ಬೇರೆಯಾದಾಗಿನ ಸೋಡಚೀಟಿ, ಪಾಲುದಾರಿಕೆ ಪತ್ರ ಇಂಥವನ್ನು ಮನೆಮನೆ ತಿರುಗಿ ಕೇಳಿ ತರುವುದು ನನ್ನ ಕೆಲಸವಾಗಿತ್ತು. ಇಂಥ ಕೆಲಸವೊಂದಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ‘ಏನ್ ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ‘ಇನ್ಶೂರೆನ್ಸ್’ ಎಂದುಬಿಡುತ್ತಿದ್ದೆ. ಆಮೇಲೆ ಊರು ಬರುವವರೆಗೂ ಅವರು ನನ್ನ ಕಡೆ ತಿರುಗುತ್ತಿರಲಿಲ್ಲ.

ಮೊಣಕಾಲು ನೋವು ಹೆಚ್ಚಾಗಿ ಹೋದ ವರ್ಷ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಇಬ್ಬರೂ ಡಿಗ್ರಿ ಮುಗಿಸಿದವರು, ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ‘ಅಮ್ಮಾ, ನಿಮಗೆ ಗೊತ್ತಿದ್ದದ್ದೆಲ್ಲ ಬರೆದುಕೊಡ್ರಿ’ ಎಂದು ಗಂಟುಬಿದ್ದರು. ಬರೆಯುತ್ತಿದ್ದೇನೆ. ಸರಿಯಾಗಿ ಮಾಡಿದ್ದನ್ನೂ ಬರೆಯುತ್ತೇನೆ, ಕೆಡಿಸಿದ್ದನ್ನೂ ಬರೆಯುತ್ತೇನೆ. ಕೆಡಿಸಿದ್ದರಲ್ಲಿ ದೊಡ್ಡದು ನನ್ನ ತಮ್ಮ ಎರ್ರಿಸ್ವಾಮಿಯದು. ಅವನನ್ನು ಕೇಳದೆ ಅವನ ಕಾಗದವನ್ನು ನಾಲ್ಕು ಜನರ ಮುಂದೆ ತೂಗುಹಾಕಿದೆ. ಅವನು ನನ್ನ ಜೊತೆ ಮಾತು ಬಿಟ್ಟ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲು ಕುಳಿತರೆ ಮೋಸವಾಗುತ್ತದೆ. ಆದರೆ ಮೊದಲು ಕೆಲಸದ ಸಂಗತಿ.

ನಾನು ಹೊಸಪೇಟೆಯಲ್ಲಿ ಒಬ್ಬ ಬಾಂಡ್ ರೈಟರ್ ಹತ್ತಿರ ಇದ್ದೆ. ಬಂದ ಜನರನ್ನು ಸಾಲಾಗಿ ಕೂರಿಸಬೇಕು, ಹೆಬ್ಬೆಟ್ಟಿಗೆ ಮಸಿ ಹಚ್ಚಬೇಕು, ‘ಇಲ್ಲಿ ಹಾಕ್ರಿ, ಅಲ್ಲಲ್ಲ, ಇಲ್ಲಿ’ ಎಂದು ಬೆರಳಿಟ್ಟು ತೋರಿಸಬೇಕು. ಒಂದು ದಿನ ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಕಿವಿಯಲ್ಲಿ ಇಯರ್‌ಫೋನ್ ಇದ್ದ ಒಬ್ಬ ಹಿರಿಯರು ಬಂದರು. ಅವರೇ ಕಂಪ್ಲಿಯ ರೈಸ್‌ಮಿಲ್ ಶರಣಪ್ಪ ಸಾವ್ಕಾರರು. ಬೆಂಗಳೂರಿನ ಒಂದು ರಾಕ್ ಬ್ಯಾಂಡಿನ ಹಾಡುಗಾರ ಹಂಪಿಯಲ್ಲಿ ಮನೆ ಹಿಡಿದು ಕೆಲವು ತಿಂಗಳು ಇದ್ದನಂತೆ. ಅವನು ಸಹಿ ಹಾಕಿದ ಬಾಡಿಗೆ ಕರಾರು ಇವರಿಗೆ ಬೇಕಾಗಿತ್ತು.

ನನಗೆ ನಗು ಬಂತು. ‘ಸಾವ್ಕಾರ್ರ, ಸಹಿ ಬೇಕಂದ್ರ ಅವರ ಪ್ರೋಗ್ರಾಮಿಗೆ ಹೋದ್ರ ಆತಲ್ರಿ. ಕೇಳಿದವರಿಗೆಲ್ಲ ಆಟೋಗ್ರಾಫ್ ಕೊಡ್ತಾರ.’

‘ಅದಕ್ಕ ಬ್ಯಾಡ ಅದು,’ ಎಂದರು. ‘ಆಟೋಗ್ರಾಫ್ ಅಂದ್ರ ನಕ್ಕೋಂತ ಗೀಚಿ ಒಗೀತಾರವ್ವ. ಸ್ಟೇಜಿನ ಮ್ಯಾಲೆ ಹುಲಿ ಇದ್ದಂಗ ಇರತಾನಲ್ಲ, ಅವ ಬಾಡಿಗಿ ಕರಾರಿಗೆ ಸಹಿ ಹಾಕೋ ಮುಂದ ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಕೇಳ್ತಾನ. ಆ ಮನಶಾ ಬೇಕು ನನಗ.’

ಆ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಆ ಮನೆಯ ಒಡತಿ ಮುದುಕಿ ನನಗೆ ಗೊತ್ತಿದ್ದವಳು. ಹೋಗಿ ಕೇಳಿದೆ.

‘ಆ ಜಡಿ ಹುಡುಗನ ಕಾಗದೇನು?’ ಎಂದಳು. ‘ಯವ್ವಾ, ಬಾಡಿಗಿ ಸರಿ ಕೊಟ್ಟಾನ, ಸುಳ್ಳ್ಯಾಕ ಹೇಳ್ಲಿ. ಆದ್ರ ಅವ ಹಾಡೋಕ ಶುರು ಮಾಡಿದ ಅಂದ್ರ ನಮ್ಮ ಎಮ್ಮಿ ಹಾಲ ಏರಿಸಿಬಿಡ್ತಿತ್ತು, ಒಂದು ಹನಿ ಇಳಸ್ತಿದ್ದಿಲ್ಲ.’

ಕಾಗದ ಎಲ್ಲಿ ಎಂದರೆ ಗೊತ್ತಿಲ್ಲ ಎಂದಳು. ಅವಳು ಕೊಟ್ಟ ನೀರು ಕುಡಿದೆ, ಹಿಟ್ಟು ನಾದಿಕೊಟ್ಟೆ, ಎರಡು ರೊಟ್ಟಿ ಬಡಿದೆ. ಕೊನೆಗೆ ಹಿಟ್ಟಿನ ಡಬ್ಬಿಯನ್ನು ಅದರ ಜಾಗದಲ್ಲಿಡಲು ಹೋದಾಗ ಕೆಳಗೆ ಹಾಸಿದ್ದ ಹಾಳೆಯಲ್ಲಿ ಸರ್ಕಾರಿ ಮುದ್ರೆ ಕಂಡಿತು. ಅದೇ ಕರಾರು! ಮುದುಕಿ ಕೊಡಲು ಒಪ್ಪಿದಳು. ಒಂದೇ ಷರತ್ತು ಹಾಕಿದಳು: ‘ನನ್ನ ಹೆಬ್ಬೆಟ್ಟೂ ಐತಿ ಅದರಾಗ. ತೂಗುಹಾಕಿದ್ರ ಅವನ ಸಹಿ ಅಷ್ಟ ಕಾಣಂಗ ಹಾಕಬ್ಯಾಡ್ರಿ ಮತ್ತ.’

ಮರುವಾರ ಸಾವ್ಕಾರರು ನನ್ನನ್ನು ಕೆಲಸಕ್ಕೆ ಕರೆದರು.

ಹುಡುಗಿಯರೇ, ಮೊದಲ ಪಾಠ ಆ ಮುದುಕಿಯ ಮನೆಯಲ್ಲೇ ಇದೆ. ಹಾಡುವವರ ಹತ್ತಿರ ಕಾಗದ ಎಂದೂ ಇರುವುದಿಲ್ಲ. ಅವರು ಸಹಿ ಹಾಕಿ ಪೆನ್ನನ್ನೂ ಅಲ್ಲೇ ಬಿಟ್ಟು ಹೋಗುವ ಜನ. ಕಾಗದ ಇರುವುದು ಅವರ ತಾಯಿಯ ಟ್ರಂಕಿನಲ್ಲಿ, ಹೆಂಡತಿಯ ಮದುವೆ ಸೀರೆಯ ಮಡಿಕೆಯಲ್ಲಿ, ಮನೆ ಬಾಡಿಗೆಗೆ ಕೊಟ್ಟವರ ಅಡಿಗೆಮನೆಯಲ್ಲಿ. ಕುರ್ಚಿಯ ಮೇಲೆ ಕುಳಿತು ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಒಲೆಯ ಮುಂದೆ ಕುಳಿತು ಕೇಳಿದರೆ ಹುಡುಕುತ್ತಾರೆ. ಕಚೇರಿ, ಕೋರ್ಟುಗಳ ಕಡೆ ಮಾತ್ರ ಕೈ ಚಾಚಬೇಡಿ. ಯಾರ ಕಾಗದವೋ ಅವರ ಕೈಯಿಂದಲೇ ಬರಬೇಕು.

ಸಾವ್ಕಾರರ ಬಗ್ಗೆ ಎರಡು ಮಾತು. ಮಿಲ್ಲಿನ ಮೇಲಿನ ಕೋಣೆಯಲ್ಲಿ ಅವರ ಸಂಗ್ರಹ ಇತ್ತು. ಪೂಜೆ ಮುಗಿಸಿ ಬಂದು, ಕಣ್ಣು ಮುಚ್ಚಿ, ಇಯರ್‌ಫೋನ್ ತೆಗೆದು, ಎಲೆಕ್ಟ್ರಿಕ್ ಗಿಟಾರಿನ ಹಾಡುಗಳನ್ನು ಜೋರಾಗಿ ಹಾಕಿಕೊಂಡು ಕೂರುತ್ತಿದ್ದರು. ಕೆಳಗೆ ಮಿಲ್ಲು, ಮೇಲೆ ಗಿಟಾರು. ಯಾವ ಸದ್ದು ಯಾವುದರದು ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಒಮ್ಮೆ ಮಿಲ್ಲಿನ ಬೆಲ್ಟ್ ಹರಿದು ಕರ್ರ್ ಎಂದಾಗ ಅವರು ಕಣ್ಣು ತೆರೆಯದೆ ‘ವಾಹ್!’ ಎಂದಿದ್ದನ್ನು ಹಮಾಲರು ಇವತ್ತಿಗೂ ಹೇಳಿ ನಗುತ್ತಾರೆ.

ಕಾಗದ ತಂದುಕೊಟ್ಟರೆ ಅವರು ಮೊದಲು ಓದುತ್ತಿರಲಿಲ್ಲ. ತಿರುಗಿಸಿ, ಸಹಿಯ ಹಿಂಬದಿಯನ್ನು ಬೆರಳ ತುದಿಯಿಂದ ಸವರುತ್ತಿದ್ದರು. ನನಗೂ ಕಲಿಸಿದರು. ‘ಬೆನ್ನು ಮುಟ್ಟು ಹಂಪಮ್ಮಾ. ಮುಖ ಸುಳ್ಳು ಹೇಳ್ತದ, ಬೆನ್ನು ಹೇಳಂಗಿಲ್ಲ.’ ಬೈಕ್ ಮಾರಿದ ಪತ್ರದಲ್ಲಿ ಸಹಿ ತೇಲಿದಂತೆ ಇರುತ್ತದೆ, ಹಿಂಬದಿ ನುಣುಪು. ಬ್ಯಾಂಡ್ ಕಟ್ಟುವಾಗ ಬರೆದ ಪಾಲುದಾರಿಕೆ ಪತ್ರದಲ್ಲಿ ಐದು ಜನರಲ್ಲಿ ಒಬ್ಬನದು ಮಾತ್ರ ಆಳವಾಗಿರುತ್ತದೆ. ಬ್ಯಾಂಡ್ ಒಡೆದರೆ ಮೊದಲು ಹೋಗುವವನು ಅವನೇ. ಸೋಡಚೀಟಿಯಲ್ಲಿ ಪೆನ್ನು ಕಾಗದವನ್ನು ತೂರಿ ಬರುವಷ್ಟು ಒತ್ತಿರುತ್ತದೆ, ಇಲ್ಲವೇ ಏನೂ ಗುರುತೇ ಇರುವುದಿಲ್ಲ. ಕಲರ್ ಜೆರಾಕ್ಸ್ ತಂದು ಅಸಲು ಎಂದು ಹೇಳಿದ ಒಬ್ಬ ಠಾಕುಠೀಕು ಮನುಷ್ಯನನ್ನು ನಾನು ಹೀಗೇ ಬೆನ್ನು ಸವರಿ ವಾಪಸು ಕಳಿಸಿದ್ದುಂಟು. ಅವನು ಹೋಗುವಾಗ ನನ್ನ ಕೈಯಲ್ಲಿ ಏನಾದರೂ ಮಷೀನು ಇದೆಯೇ ಎಂದು ನೋಡುತ್ತ ಹೋದ.

ಎಡವಟ್ಟುಗಳೂ ಆಗಿವೆ. ಸಂಡೂರಿನ ಒಂದು ಬ್ಯಾಂಡಿನವರ ಪಾಲುದಾರಿಕೆ ಪತ್ರ ಡ್ರಮ್ಮರನ ತಾಯಿಯ ಹತ್ತಿರ ಸಿಕ್ಕಿತು. ಆಕೆ ಪ್ರತಿ ದೀಪಾವಳಿಗೆ ಅದನ್ನು ಲಕ್ಷ್ಮಿಯ ಮುಂದಿಟ್ಟು ಪೂಜೆ ಮಾಡುತ್ತಿದ್ದಳು. ಮಗನ ವ್ಯವಹಾರ ಏಳಿಗೆಯಾಗಲಿ ಎಂದು ಸಹಿಯ ಮೇಲೆಯೇ ಅರಿಶಿನ ಕುಂಕುಮ ಏರಿಸಿದ್ದಳು. ನಾನು ಮುತುವರ್ಜಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕುಂಕುಮದ ಜೊತೆ ಮೂರು ಜನರ ಸಹಿಯೂ ಬಂತು. ಸಾವ್ಕಾರರು ಬಯ್ಯಲಿಲ್ಲ. ಆ ಹಾಳೆಯನ್ನು ಎದುರಿಗಿಟ್ಟುಕೊಂಡು, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಕುಳಿತರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಮ್ಮೆ ಕಂಪ್ಲಿಯಲ್ಲೇ ಒಬ್ಬ ಗಿಟಾರಿಸ್ಟನನ್ನು ಬಿಟ್ಟ ಹೆಂಡತಿ ಸೋಡಚೀಟಿ ಕೊಡಲು ಒಪ್ಪಿದಳು. ‘ನಾಳೆ ಬರ್ರಿ ಅಕ್ಕಾರ, ಚಂದಾಗಿ ಮಾಡಿ ಕೊಡ್ತೀನಿ’ ಎಂದಳು. ನಾಳೆ ಹೋದರೆ ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದಳು! ಪಾಪ, ಒಳ್ಳೆಯ ಮನಸ್ಸು. ಸಾವ್ಕಾರರು ಪ್ಲಾಸ್ಟಿಕ್ಕಿನ ಬೆನ್ನು ಸವರಿ ಸವರಿ ಕೊನೆಗೆ, ‘ಇದು ಕಾಗದ ಅಲ್ಲವ್ವ, ಹೋಟೆಲಿನ ಮೆನು ಕಾರ್ಡು’ ಎಂದರು. ಅಂದಿನಿಂದ ನಾನು ‘ನಾಳೆ ಬರ್ರಿ’ ಎಂದವರಿಗೆ ‘ಹಂಗ ಇರ್ಲಿ, ಹೆಂಗೈತೋ ಹಂಗ ಕೊಡ್ರಿ’ ಎಂದು ಅಲ್ಲೇ ಕುಳಿತುಬಿಡುತ್ತಿದ್ದೆ.

ನಾನು ಶುರು ಮಾಡಿದಾಗ ಗಟ್ಟಿ ಛಾಪಾ ಕಾಗದ. ಆಮೇಲೆ ಕಂಪ್ಯೂಟರಿನಿಂದ ಬರುವ ತೆಳು ಹಾಳೆ. ಈಗ ಫೋನಿಗೆ ಬಂದ ನಂಬರ್ ಒತ್ತಿದರೆ ಸಹಿ ಆಯಿತು. ಅದಕ್ಕೆ ಬೆನ್ನೇ ಇಲ್ಲ. ಮುಂದೆ ನೀವು ಏನು ಸಂಗ್ರಹಿಸುತ್ತೀರೋ ನನಗೆ ತಿಳಿಯದು. ಆದರೆ ಒಪ್ಪಿಗೆ ಕೇಳುವುದು ಮಾತ್ರ ಬದಲಾಗುವುದಿಲ್ಲ. ಕಾಗದ ಯಾರ ಮನೆಯಲ್ಲಿ ಸಿಕ್ಕರೂ, ಸಹಿ ಹಾಕಿದ ಮನುಷ್ಯ ಬದುಕಿದ್ದರೆ ಅವನನ್ನು ಹುಡುಕಿ ‘ಇದನ್ನು ಇಟ್ಟುಕೊಳ್ಳಲೇ, ತೋರಿಸಲೇ’ ಎಂದು ಕೇಳಬೇಕು. ಸಾವ್ಕಾರರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾನು ಬೆಂಗಳೂರಿಗೆ, ಗೋವಾಕ್ಕೆ ಹೋಗಿ ಕೇಳಿ ಬಂದಿದ್ದೇನೆ. ಕೇಳದೆ ಬಿಟ್ಟದ್ದು ದೋಣಿಮಲೈಯಲ್ಲಿದ್ದ ಒಬ್ಬನನ್ನು ಮಾತ್ರ.

ಎರ್ರಿ ನನಗಿಂತ ಬಹಳ ಚಿಕ್ಕವನು. ಬಂಡ್ರಿಯಲ್ಲಿ ಅವ್ವ ಕೂಲಿಗೆ ಹೋದಾಗ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ದೊಡ್ಡವನಾದ ಮೇಲೆ ಗಿಟಾರ್ ಹಿಡಿದ. ಸಂಡೂರಿನ ಹುಡುಗರ ಜೊತೆ ಸೇರಿ ಕಾಲೇಜುಗಳಲ್ಲಿ, ಗಣಿ ಕಾಲೊನಿಯ ಫಂಕ್ಷನ್ನುಗಳಲ್ಲಿ, ಹಂಪಿಯ ಗೆಸ್ಟ್‌ಹೌಸುಗಳಲ್ಲಿ ಬಾರಿಸುತ್ತಿದ್ದ. ಕೂದಲು ಬೆನ್ನಿನವರೆಗೆ. ನನಗೆ ಹೆಮ್ಮೆಯೂ ಇತ್ತು, ಭಯವೂ ಇತ್ತು. ಅವನಿಗೆ ದೋಣಿಮಲೈಯಲ್ಲಿ ಎಲೆಕ್ಟ್ರಿಶಿಯನ್ ನೌಕರಿ ಸಿಕ್ಕಿತು. ಅದರ ಹಿಂದೆಯೇ ಚೋರನೂರಿನಿಂದ ಸಂಬಂಧ ಬಂತು.

ಹುಡುಗಿ ಸುಮಾ. ಅವಳ ತಂದೆ ಹನುಮಂತಪ್ಪ ಒಣಬೇಸಾಯದ ರೈತರು, ನೇರ ಮಾತಿನ ಮನುಷ್ಯ. ಮಾತುಕತೆಗೆ ಕುಳಿತಾಗ ಅವರು ತಲೆ ಕೆರೆದುಕೊಂಡು, ‘ಎಲ್ಲಾ ಚೊಲೋ ಐತ್ರಿ. ಹುಡುಗ ಗಿಟಾರ್ ಬೆನ್ನು ಹತ್ತಿ ನಾಳೆ ನೌಕರಿ ಬಿಟ್ರ ಹೆಂಗ ಅಂತ’ ಎಂದರು. ಅಷ್ಟೇ. ಕೇಳಿದ್ದು ಒಂದು ಮಾತು. ‘ಬಿಡಂಗಿಲ್ರಿ’ ಎಂದು ಎರ್ರಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಅವನು ಬಾಯಿ ತೆರೆಯುವ ಮೊದಲೇ ನಾನೆಂದೆ: ‘ಬೇಕಾದ್ರ ಮುಚ್ಚಳಿಕಿ ಬರಸ್ಕೊಳ್ರಿ ಬೀಗರ.’

ಹಗಲೆಲ್ಲ ಸಹಿಗಳ ನಡುವೆ ಇದ್ದವಳಿಗೆ ಎಲ್ಲ ಸಂಶಯಕ್ಕೂ ಒಂದೇ ಮದ್ದು ಕಾಣುತ್ತಿತ್ತು. ಮರುದಿನ ನಾನೇ ಹೊಸಪೇಟೆಯಿಂದ ಬಾಂಡ್ ತಂದೆ, ಚೋರನೂರಿನ ಅವರ ಮನೆಯಲ್ಲಿ ಕುಳಿತು ನಾನೇ ಒಕ್ಕಣೆ ಬರೆದೆ: ಎರ್ರಿಸ್ವಾಮಿಯಾದ ನಾನು ಮದುವೆಯ ನಂತರ ಬ್ಯಾಂಡಿನಲ್ಲಿ ಸೇರುವುದಿಲ್ಲ, ಗಿಟಾರ್ ಮುಟ್ಟುವುದಿಲ್ಲ, ಇದಕ್ಕೆ ತಪ್ಪಿದರೆ ಹಿರಿಯರು ಹೇಳಿದಂತೆ ನಡೆಯಲು ಬದ್ಧನಿದ್ದೇನೆ. ಎರ್ರಿ ನನ್ನ ಮುಖ ನೋಡಿದ. ‘ಹಾಕಪ್ಪ, ಬರೇ ಕಾಗದ’ ಎಂದೆ. ಹಾಕಿದ. ಅಭ್ಯಾಸದಂತೆ ನಾನು ಹಾಳೆ ತಿರುಗಿಸಿ ಬೆನ್ನು ಸವರಿದೆ. ಸೋಡಚೀಟಿಗಳಲ್ಲಿ ಇರುವಂತೆ ಪೆನ್ನಿನ ತುದಿ ಕಾಗದವನ್ನು ತೂರಿತ್ತು. ಬೇರೆಯವರದಾಗಿದ್ದರೆ ಅದರ ಅರ್ಥ ಹೇಳುತ್ತಿದ್ದೆ. ನಮ್ಮದಾದ್ದರಿಂದ ಮಡಿಚಿದೆ; ಹನುಮಂತಪ್ಪನವರು ‘ನಿಮ್ಮ ಹತ್ರನ ಇರ್ಲಿ’ ಎಂದಿದ್ದಕ್ಕೆ ಚೀಲದಲ್ಲಿ ಇಟ್ಟುಕೊಂಡೆ.

ಅವನು ಬರೆದುಕೊಟ್ಟ ಮಾತಿಗೆ ತಪ್ಪಲಿಲ್ಲ. ಗಿಟಾರನ್ನು ಸಂಡೂರಿನ ಜೊತೆಗಾರನ ಮನೆಯಲ್ಲಿ ಬಿಟ್ಟ, ಕೂದಲು ಕತ್ತರಿಸಿದ, ನೆಟ್ಟಗೆ ಸಂಸಾರ ಮಾಡಿದ. ‘ನೋಡ್ರಿ ನನ್ನ ಮುಚ್ಚಳಿಕಿ’ ಎಂದು ನಾನು ನಾಲ್ಕು ಕಡೆ ಹೇಳಿಕೊಂಡೆ.

ಹಲವು ವರ್ಷಗಳ ಮೇಲೆ ಸಾವ್ಕಾರರು ಹಂಪಿಯ ಒಂದು ಗೆಸ್ಟ್‌ಹೌಸಿನಲ್ಲಿ ತಮ್ಮ ಕಾಗದಗಳಿಗೆಲ್ಲ ಗಾಜಿನ ಕಟ್ಟು ಹಾಕಿಸಿ ಜನರಿಗೆ ತೋರಿಸುವುದೆಂದು ನಿಶ್ಚಯಿಸಿದರು. ಬೆಂಗಳೂರಿನವರು, ಹೊರದೇಶದವರು, ಎಲ್ಲರ ಸಹಿಗಳೂ ಗೋಡೆಯ ಮೇಲೆ ಬರುವವು. ನಮ್ಮ ತಾಲೂಕಿನಲ್ಲಿ ಗಿಟಾರ್ ಬಾರಿಸಿದ ನನ್ನ ತಮ್ಮನದು ಮಾತ್ರ ಇಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ನನ್ನ ಹತ್ತಿರ ಇದ್ದ ಅವನ ಕಾಗದ ಅದೊಂದೇ. ತಂದುಕೊಟ್ಟೆ.

ಸಾವ್ಕಾರರು ಬೆನ್ನು ಸವರಿ, ಪೆನ್ನು ತೂರಿದಲ್ಲಿ ಬೆರಳು ನಿಲ್ಲಿಸಿದರು. ‘ತಮ್ಮನ್ನ ಕೇಳಿಯೇನವ್ವ?’

‘ಕೇಳೀನ್ರಿ,’ ಎಂದೆ.

ಸಾವ್ಕಾರರಿಗೆ ನಾನು ಹೇಳಿದ ಸುಳ್ಳು ಅದೊಂದೇ.

ಇಷ್ಟಕ್ಕೇ ನಿಲ್ಲಿಸಲಿಲ್ಲ. ಅವನಿಗೆ ಖುಷಿಯಾಗಲೆಂದು ಏನೂ ಹೇಳದೆ, ಹೆಂಡತಿಯನ್ನು ಕರೆದುಕೊಂಡು ಬಾ ಎಂದು ಹಂಪಿಗೆ ಕರೆಸಿದೆ. ಅವರು ಒಳಗೆ ಬಂದಾಗ ಆ ಕಟ್ಟಿನ ಮುಂದೆ ನಾಲ್ಕಾರು ಕಾಲೇಜು ಹುಡುಗರು ನಿಂತು ಗಟ್ಟಿಯಾಗಿ ಓದುತ್ತಿದ್ದರು. ‘ಗಿಟಾರ್ ಮುಟ್ಟುವುದಿಲ್ಲ’ ಎನ್ನುವಲ್ಲಿ ಒಬ್ಬ, ‘ಲೇ, ಮಾವಗ ಹೆದರಿ ರಾಕ್ ಬಿಟ್ಟಾನಲೇ ಇಂವ!’ ಎಂದ. ಎಲ್ಲರೂ ನಕ್ಕರು. ಎರ್ರಿ ಅವರ ಹಿಂದೆಯೇ ನಿಂತಿದ್ದ.

ಅವನು ಕೂಗಾಡಲಿಲ್ಲ. ‘ಅಕ್ಕಾ, ಇದನ್ನ ನೀನ ಬರಸಿದಿ. ಈಗ ನೀನ ತೂಗುಹಾಕಿದಿ’ ಎಂದ. ಸುಮಾಳ ಕಡೆ ತಿರುಗಿ ‘ನಡಿ’ ಎಂದ.

ಸುಮಾ ಅಲ್ಲೇ ನಿಂತಳು. ‘ಅಕ್ಕಾರ, ನೀವು ಬರಸಿದ್ದಾ? ನಮ್ಮಪ್ಪ ಬರಸ್ಯಾನಂತ ಇಷ್ಟು ವರ್ಷ ಅವನ್ನ ಬಯ್ದೀನಲ್ರಿ ನಾನು!’

ಇಬ್ಬರೂ ಹೊರಟುಹೋದರು. ಅಂದಿನಿಂದ ಎರ್ರಿ ಫೋನ್ ಎತ್ತಲಿಲ್ಲ. ಬಂಡ್ರಿಗೆ ಬಂದರೂ ನಾನಿರುವ ಹೊತ್ತು ತಪ್ಪಿಸಿ ಬರುತ್ತಿದ್ದ.

ಸಾವ್ಕಾರರು ಆ ದಿನವೇ ಕಟ್ಟು ಬಿಚ್ಚಿಸಿ ಕಾಗದ ನನ್ನ ಕೈಗೆ ಕೊಟ್ಟರು. ‘ಒಪ್ಪಿಗಿ ಇಲ್ಲದ ಕಾಗದ ನನ್ನ ಗೋಡಿ ಮ್ಯಾಲೆ ಕಳುವಿನ ಮಾಲು ಇದ್ದಂಗ,’ ಎಂದರು. ‘ಊರಾಗಿನ ಮಂದಿನ್ನೆಲ್ಲ ಕೇಳಿದಾಕಿ ಮನ್ಯಾಗಿನವನ್ನ ಕೇಳ್ಲಿಲ್ಲಲ್ಲವ್ವ.’ ಕೆಲಸದಿಂದ ತೆಗೆಯಲಿಲ್ಲ. ಒಂದು ಮಳೆಗಾಲ ಪೂರ್ತಿ ಹೊರಗೆ ಕಳಿಸಲಿಲ್ಲ. ಮಿಲ್ಲಿನಲ್ಲೇ ಕೂತು ಹಳೆಯ ಕಾಗದಗಳ ಧೂಳು ಒರೆಸಿದೆ. ಒಣ ಬಟ್ಟೆಯಿಂದ.

ಹೋದ ವರ್ಷ ಕೆಲಸ ಬಿಟ್ಟ ಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ತಮ್ಮನನ್ನು ಮಾತಾಡಿಸಬೇಕು. ನನಗೆ ತಿಳಿದದ್ದು ಒಂದೇ ದಾರಿ. ಹಳೆಯ ಬಾಂಡ್ ರೈಟರನ್ನು ಕೇಳಿ ಒಂದು ರದ್ದು ಪತ್ರ ಬರೆಸಿದೆ. ಬರೆಸಿಕೊಂಡವರೇ ಬಿಡುಗಡೆ ಮಾಡಬೇಕು ಎಂದರು. ಚೋರನೂರಿಗೆ ಹೋಗಿ ಹನುಮಂತಪ್ಪನವರನ್ನು ಹಿಡಿದೆ.

‘ಬೀಗಮ್ಮಾ, ನಾನೆಲ್ಲಿ ಕೇಳಿದ್ನವ್ವ ಆವತ್ತು?’ ಎಂದರು ಅವರು. ‘ನೀ ಬಾಂಡ್ ತಂದಿ, ನೀ ಬರದಿ, ಬೈಗಳ ನನಗ ಬಂದ್ವು. ಮಗಳು ಹಬ್ಬಕ್ಕ ಬಂದಾಗೊಮ್ಮೆ ನನ್ನ ತಾಟಿಗೆ ರೊಟ್ಟಿ ಒಗದು ಹೋಗಾಕಿ, ನೀಡ್ತಿದ್ದಿಲ್ಲ. ಕೊಡು ಇಲ್ಲೆ, ಎಲ್ಲಿ ಹಾಕಬೇಕು?’

ಮನಸಾರೆ ಸಹಿ ಹಾಕಿ, ಒಂದು ಚೀಲ ಶೇಂಗಾ ಹೊತ್ತು, ನನ್ನ ಜೊತೆಯೇ ದೋಣಿಮಲೈ ಬಸ್ ಹತ್ತಿದರು.

ಎರ್ರಿ ಬಾಗಿಲು ತೆಗೆದ. ನನ್ನೊಬ್ಬಳನ್ನೇ ಕಂಡಿದ್ದರೆ ಹಾಕಿಕೊಳ್ಳುತ್ತಿದ್ದನೋ ಏನೋ. ಹಿಂದೆ ಮಾವ ಇದ್ದರು. ‘ಬರ್ರಿ ಮಾವಾರ, ಕುಂದ್ರಿ’ ಎಂದು ಅವರಿಗೆ ಮಾತ್ರ ಕುರ್ಚಿ ಹಾಕಿದ. ನಾನು ನಿಂತೇ ಪತ್ರ ಮುಂದಿಟ್ಟೆ.

‘ಅಳಿಯಂದ್ರ, ನಾ ಬಿಡುಗಡಿ ಮಾಡೀನಿ. ಬಾರಸ್ಕೊಳ್ರಿ ಇನ್ನ,’ ಎಂದರು ಹನುಮಂತಪ್ಪ.

ಎರ್ರಿ ಪತ್ರ ಓದಿದ. ಎಷ್ಟೋ ತಿಂಗಳ ಮೇಲೆ ನನ್ನ ಕಡೆ ನೋಡಿದ. ‘ಅಕ್ಕಾ, ಕಾಗದ ಇಲ್ಲದ ನಿನಗ ಒಂದು ಮಾತೂ ಬರಂಗಿಲ್ಲೇನು? ಕೆಡಸೋಕೂ ಬಾಂಡು, ಕೂಡಸೋಕೂ ಬಾಂಡು. ಇದಕ್ಕ ಸಹಿ ಹಾಕಿದ್ರ ನನ್ನ ಬೆರಳು ತಿರುಗಿ ಬರತಾವೇನು?’

ಆಗ ಒಳಗಿನಿಂದ ಸುಮಾ ಬಂದಳು, ಲಟ್ಟಣಿಗೆ ಕೈಯಲ್ಲೇ ಇತ್ತು.

‘ಸಾಕು ಮಾಡ್ರಿ ಇಬ್ರೂ. ಬರಸಿದಾಕಿ ಅಕ್ಕ, ಖರೆ. ಸಹಿ ಹಾಕಿದವರು ಯಾರು? ನಿಮ್ಮ ಕೈ ಯಾರರ ಹಿಡಕೊಂಡು ಹಾಕ್ಸಿದ್ರೇನು? ಅವತ್ತು ನಾ ಒಳಗ ಚಾ ಮಾಡಾಕತ್ತಿದ್ದೆ. ನನ್ನ ಯಾರರ ಕೇಳಿದ್ರಾ? ಗಿಟಾರ್ ಬಾರಸೋ ಹುಡುಗ ಅಂತನ ನಾ ಹೂಂ ಅಂದಿದ್ದೆ. ಮನಿಗೆ ಬಂದಿದ್ದು ಫ್ಯಾನ್ ರಿಪೇರಿ ಮಾಡೋ ಹುಡುಗ!’

ಹನುಮಂತಪ್ಪ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. ಸುಮಾ ಮಂಚದ ಕೆಳಗಿನಿಂದ ಗಿಟಾರ್ ಎಳೆದು ಗಂಡನ ತೊಡೆಯ ಮೇಲೆ ಇಟ್ಟಳು. ಹಂಪಿಯಿಂದ ಬಂದ ವಾರವೇ ಸಂಡೂರಿಗೆ ಹೋಗಿ ತಂದಿದ್ದಳಂತೆ. ಅವನು ಮುಟ್ಟಿರಲಿಲ್ಲ.

ನಾನು ನೆಲದ ಮೇಲೆ ಕುಳಿತೆ. ‘ತಪ್ಪಾತಪ್ಪ ಎರ್ರಿ,’ ಎಂದೆ. ‘ನಿನ್ನ ಕೇಳಬೇಕಾಗಿತ್ತು. ಅವತ್ತೂ ಕೇಳಬೇಕಾಗಿತ್ತು, ಹಂಪ್ಯಾಗೂ ಕೇಳಬೇಕಾಗಿತ್ತು. ಎರಡೂ ಸಲ ಕೇಳಲಿಲ್ಲ. ಏನ್ ಶಿಕ್ಷಾ ಕೊಡ್ತಿ ಕೊಡು.’

ಅವನು ತಂತಿಗಳನ್ನು ಒಂದೊಂದಾಗಿ ಬಿಗಿ ಮಾಡಿದ. ಆಮೇಲೆ, ‘ಇಲ್ಲೇ ಕುಂದ್ರು. ಹೆಂಗ ಹಾಳಾಗೈತಿ, ನಿನ್ನ ಕಿವಿಲೇ ಕೇಳು,’ ಎಂದು ಬಾರಿಸತೊಡಗಿದ.

ಅದು ಎಷ್ಟು ಕೆಟ್ಟದಾಗಿತ್ತೆಂದರೆ ಏನು ಹೇಳಲಿ. ಬೆರಳು ಒಂದು ಕಡೆ, ತಂತಿ ಒಂದು ಕಡೆ. ಪಕ್ಕದ ಕ್ವಾರ್ಟರ್ಸಿನವರು ಗೋಡೆ ಬಡಿದರು. ಹನುಮಂತಪ್ಪ ಟವೆಲ್ಲನ್ನು ಕಿವಿಗೆ ಸುತ್ತಿಕೊಂಡು, ‘ಬೀಗಮ್ಮಾ, ಆ ಮುಚ್ಚಳಿಕಿ ಇನ್ನೂ ಐತೇನು?’ ಎಂದರು. ಸುಮಾ ಮೊದಲು ನಕ್ಕಳು. ಎರ್ರಿ ನಗಬಾರದೆಂದು ತುಟಿ ಕಚ್ಚಿಕೊಂಡ, ಆಗಲಿಲ್ಲ. ರದ್ದು ಪತ್ರದ ಮೇಲೆ ಶೇಂಗಾ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಅದನ್ನು ಯಾರೂ ಎತ್ತಲಿಲ್ಲ.

ಕ್ಷಮಿಸಿದೆ ಎಂದು ಅವನು ಹೇಳಿಲ್ಲ. ಪ್ರತಿ ಭಾನುವಾರ ಬಂದು ಕೂರಬೇಕು, ಅದೇ ಶಿಕ್ಷೆ ಎಂದ. ಹೋಗುತ್ತಿದ್ದೇನೆ. ಅವನ ಬೆರಳುಗಳಲ್ಲಿ ಗುಳ್ಳೆ ಎದ್ದು ಒಡೆದು ಈಗ ಗಟ್ಟಿಯಾಗುತ್ತಿವೆ. ಹೋದ ವಾರ ಒಂದು ಹಾಡು ಅರ್ಧದವರೆಗೆ ತಪ್ಪಿಲ್ಲದೆ ಬಂತು. ಅಲ್ಲಿ ಎಡವಿ, ನನ್ನನ್ನು ದುರುಗುಟ್ಟಿ ನೋಡಿದ.

‘ಎದ್ದಿ ಅಂದ್ರ ನೋಡು, ಮತ್ತ ಮೊದಲಿಂದ ಬಾರಸ್ತೀನಿ,’ ಎಂದ.

ನಾನು ನೀರು ಕುಡಿಯುವ ನೆಪ ಮಾಡಿ ಎದ್ದೆ.